ನಾಲ್ಕನೆಯ ಕೀಲು

ಈ ಸಲದ ವೈಶಾಖದಲ್ಲಿ ಊರಿಗೆ ಹೋಗಿದ್ದಾಗ, ಮಧ್ಯಾಹ್ನದ ಊಟ ಮುಗಿಸಿ, ಸಮುದ್ರದ ಕಡೆಯಿಂದ ಗಾಳಿಯೇಳುವುದನ್ನು ಕಾಯುತ್ತ ಚಾವಡಿಯ ತಣ್ಣೆಲದ ಮೇಲೆ ಕಾಲುಚಾಚಿ ಕುಳಿತಿದ್ದ ನನ್ನ ಬಳಿಗೆ ಅಣ್ಣನ ಮಗನು ಬಂದು, ತನ್ನ ಕಂಪ್ಯೂಟರು ಕೆಲಸದ ನಡುವೆ ಯಾವ ಮುನ್ಸೂಚನೆಯನ್ನೂ ಕೊಡದೆ ತಾನೇ ತಾನಾಗಿ ಆರಿಹೋಗುತ್ತಿದೆಯೆಂದೂ, ಬೆಳಗಿನಿಂದ ಇದು ನಾಲ್ಕನೆಯ ಸಲವೆಂದೂ, ರಿಪೇರಿಯವನೊಬ್ಬನು ಫೋನಿನಲ್ಲಿಯೇ ಮದರ್‌ಬೋರ್ಡು ಹೋಗಿರಬಹುದೆಂದು ತೀರ್ಪು ಕೊಟ್ಟನೆಂದೂ ದೈನ್ಯದಿಂದ ಹೇಳಿದನು. ನಾನು ನೆಟ್ಟಗೆ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿದೆನು. ಅದು ಆರಿದ ಕ್ಷಣದಲ್ಲಿ ಕೋಣೆಯ ದೀಪವೂ ಫ್ಯಾನೂ ನಡೆಯುತ್ತಿದ್ದುವೇ? ಬೆಳಗ್ಗೆ ಹೆಚ್ಚು ಹೊತ್ತು ನಿಂತು ಮಧ್ಯಾಹ್ನ ಬೇಗ ಆರುತ್ತದೆಯೇ? ಆರಿದೊಡನೆ ಪುನಃ ಹಚ್ಚಿದರೆ ಮೊದಲಿಗಿಂತ ಶೀಘ್ರವಾಗಿ ಆರುತ್ತದೆಯೇ? ಮೂರಕ್ಕೂ ಹೌದೆಂದ ಹುಡುಗನು, ಬೆಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಚಿಕ್ಕಪ್ಪನಿಗೆ ಇಂಥ ವಿಷಯ ಹೇಗೆ ತಿಳಿಯಿತೆಂದು ವಿಸ್ಮಯಗೊಂಡನು. ಆ ಪ್ರಶ್ನೆಗಳು ನನ್ನವಲ್ಲ. ಹತ್ತೊಂಬತ್ತು ಇಪ್ಪತ್ತು ವರ್ಷಗಳ ಕೆಳಗೆ, ಇದೇ ಊರಿನ ಹೆದ್ದಾರಿಯ ಬದಿಯ ಒಂದು ಅಂಗಡಿಯಲ್ಲಿ, ಕಂಪ್ಯೂಟರನ್ನು ಅದುವರೆಗೆ ಕೈಯಿಂದ ಮುಟ್ಟಿಯೂ ಇರದಿದ್ದ ಒಬ್ಬ ವೃದ್ಧರು ಅವನ್ನು ಒಂದರ ಹಿಂದೊಂದಾಗಿ ನನ್ನನ್ನು ಕೇಳಿದ್ದರು.

ಯಂತ್ರವನ್ನು ಚಾವಡಿಗೆ ತರಿಸಿ, ಪಾರ್ಶ್ವದ ತಗಡನ್ನು ಕಳಚಿದಾಗ ಒಳಗಿನಿಂದ ಒಂದು ವಾಸನೆ ಹೊರಟಿತು. ಕಾದ ಧೂಳಿನ ವಾಸನೆ ಅದು. ಅದರಲ್ಲಿ ಕಾವೇರಿದ ವಾರ್ನಿಷಿನದೂ, ಕರಾವಳಿಯ ಲವಣಾರ್ದ್ರ ಗಾಳಿಯಲ್ಲಿ ಮುಗ್ಗಿದ ಬಟ್ಟೆಯದೂ ಅಂಶ ಕೂಡಿರುತ್ತದೆ. ವಾಸನೆಗೆ ಕಾಲವನ್ನು ಮಡಚುವ ಶಕ್ತಿ ಇದೆಯೆಂಬುದನ್ನು ನಾನು ಓದಿ ಬಲ್ಲೆನಾದರೂ, ಆ ಗಳಿಗೆಯಲ್ಲಿ ನನ್ನ ಬೆರಳುಗಳು ಸ್ಕ್ರೂಡ್ರೈವರನ್ನು ಹಿಡಿದಂತೆಯೇ ನಿಂತುಬಿಟ್ಟುದನ್ನು ಹುಡುಗನು ಕಂಡು, ‘ಶಾಕು ಹೊಡೆಯಿತೇ?’ ಎಂದು ಕೇಳಿದನು.

2005ರಲ್ಲಿ ಕಿರಿಮಂಜೇಶ್ವರವು ಕುಂದಾಪುರ ತಾಲೂಕಿಗೆ ಸೇರಿದ್ದಿತು; ಬೈಂದೂರು ಪ್ರತ್ಯೇಕ ತಾಲೂಕಾಗುವುದಕ್ಕೆ ಇನ್ನೂ ಹತ್ತು ವರ್ಷಕ್ಕೂ ಮಿಕ್ಕ ಕಾಲವಿದ್ದಿತು. ಈಗ 66 ಎಂದು ಕರೆಯಲ್ಪಡುವ ರಾಷ್ಟ್ರೀಯ ಹೆದ್ದಾರಿಗೆ ಆಗ 17ರ ಸಂಖ್ಯೆ. ಎರಡು ಲಾರಿಗಳು ಎದುರುಬದುರಾದರೆ ಒಂದರ ಚಕ್ರವು ಕೆಂಪು ಮಣ್ಣಿಗೆ ಇಳಿಯಲೇಬೇಕಾದಷ್ಟು ಅದು ಕಿರಿದಾಗಿದ್ದಿತು. ಅಗಸ್ತ್ಯೇಶ್ವರನ ದೇವಸ್ಥಾನವಿರುವ ನಮ್ಮ ಊರು ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಕೊಂಕಣ ರೈಲಿನ ಹಳಿ, ಅದಕ್ಕೂ ಆಚೆಗೆ ಕೊಡಚಾದ್ರಿಯ ನೀಲಿಯ ಶ್ರೇಣಿ, ಇವುಗಳ ನಡುವಣ ಒಂದು ನೀಳವಾದ ಪಟ್ಟಿ. ಆ ಹೆದ್ದಾರಿಯ ಬದಿಯಲ್ಲಿ, ಮುರಕಲ್ಲಿನ ಗೋಡೆಗೆ ಹೆಂಚಿನ ಮಾಡು ಹೊದಿಸಿದ ಮೂರು ಕೋಣೆಯ ಕಟ್ಟಡದ ನಡುಗೋಣೆಯಲ್ಲಿ ನಮ್ಮ ಅಂಗಡಿಯಿದ್ದಿತು. ಒಂದು ಪಕ್ಕದಲ್ಲಿ ಸೈಕಲ್ ರಿಪೇರಿ, ಮತ್ತೊಂದು ಪಕ್ಕದಲ್ಲಿ ಚಹಾದ ಹೋಟೆಲು. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದ ನನಗೆ ಅಲ್ಲಿ ಅಕ್ಷರ ಜೋಡಿಸುವ ಕೆಲಸವು ದೊರೆತಿದ್ದಿತು.

ಆ ಅಂಗಡಿಯಲ್ಲಿ ಏನೇನು ತಯಾರಾಗುತ್ತಿದ್ದಿತೆಂಬುದನ್ನು ಸ್ಮರಿಸಿಕೊಂಡರೆ ಊರಿನ ಒಂದು ವರ್ಷದ ಬದುಕೇ ಕಣ್ಣ ಮುಂದೆ ನಿಲ್ಲುತ್ತದೆ. ಮಳೆಗಾಲ ಕಳೆದು ಮೇಳಗಳು ಗೆಜ್ಜೆ ಕಟ್ಟಿ ಹೊರಟವೆಂದರೆ ಹರಕೆಯ ಬಯಲಾಟದ ಕರಪತ್ರಗಳು. ಮಾಘ ಫಾಲ್ಗುಣಗಳಿಂದ ಮೊದಲ್ಗೊಂಡು ಮದುವೆಯ ಕರೆಯೋಲೆಗಳು. ಜೂನಿನಲ್ಲಿ ಶಾಲೆ ಕಾಲೇಜುಗಳ ಅರ್ಜಿಗಳು. ವರ್ಷವಿಡೀ ಪಹಣಿಯ ತಕರಾರು, ಬೋಟಿನ ಪಾಲುಪತ್ರ, ಕೊಲ್ಲಿಯ ದೇಶಗಳಿಗೆ ಹೊರಟವರ ವಿವರಪತ್ರ. ಕನ್ನಡದ ಅಕ್ಷರವು ತೆರೆಯ ಮೇಲೆ ಮೂಡುವುದೇ ಅಂದಿನ ಜನಕ್ಕೆ ಕುತೂಹಲ. ಕರಪತ್ರ ಮಾಡಿಸಲು ಬಂದ ಹಿರಿಯರು ನನ್ನ ಬೆನ್ನ ಹಿಂದೆ ನಿಂತು, ಇಂಗ್ಲಿಷಿನ ಕೀಲಿಗಳನ್ನು ಒತ್ತಿದರೆ ಕನ್ನಡದ ಒತ್ತಕ್ಷರ ಹೇಗೆ ಬರುತ್ತದೆಂದು ಕೇಳುತ್ತಿದ್ದರು. ನಮ್ಮದೇ ಕರಾವಳಿಯವರಾದ ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವಿದೆಂದೂ, ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರೆಂದೂ ಹೇಳಿದರೆ, ‘ಹಾಂಗಾರೆ ನಮ್ ಬದಿಯರೇ’ ಎಂದು ಅವರ ಮುಖವು ಅರಳುತ್ತಿದ್ದಿತು. ನಾನೂ ಅಷ್ಟೇ ಹೆಮ್ಮೆಯಿಂದ ಅದನ್ನು ಹೇಳುತ್ತಿದ್ದೆನು.

ಅಂಗಡಿಯಲ್ಲಿ ನಾವು ಮೂವರು. ಯಜಮಾನರು ಮುಂಬಯಿಯಲ್ಲಿ ಬಹುಕಾಲ ದುಡಿದು ಊರಿಗೆ ಮರಳಿದವರು. ಕೂಡಿಸಿದ ಹಣದ ಬಹುಭಾಗವನ್ನು ಈ ಒಂದು ಯಂತ್ರ, ಒಂದು ಲೇಸರ್ ಪ್ರಿಂಟರು, ಒಂದು ಜೆರಾಕ್ಸ್ ಇವುಗಳಿಗೆ ಹಾಕಿದವರು. ಅವರ ಸಿಡುಕಿನ ಹಿಂದೆ ಭಯವಿದ್ದಿತೆಂಬುದು ಈಗ ನನಗೆ ಗೊತ್ತಾಗುತ್ತದೆ, ಆಗ ಗೊತ್ತಾಗಲಿಲ್ಲ. ಮೂರನೆಯವನು ಕೊಡೇರಿಯ ಕಡೆಯ ಮೀನುಗಾರರ ಮನೆಯ ಹುಡುಗ. ಪಿಯುಸಿಯಲ್ಲಿ ಒಂದು ವಿಷಯ ಉಳಿದುಹೋಗಿ, ಅದನ್ನು ಕಟ್ಟುವ ತನಕ ಇರಲೆಂದು ಬಂದವನು. ಜೆರಾಕ್ಸಿನ ಕಾಗದ ತುಂಬಿಸುವುದು, ಚಹಾ ತರುವುದು, ಕರಪತ್ರದ ಕಟ್ಟುಗಳನ್ನು ಸೈಕಲ್ಲಿನ ಮೇಲೆ ಒಯ್ಯುವುದು ಅವನ ಕೆಲಸವಾಗಿದ್ದರೂ, ಸಂಜೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನನ್ನ ಕುರ್ಚಿಯಲ್ಲಿ ಕುಳಿತು ಬೆರಳಚ್ಚನ್ನು ಕಲಿಯುತ್ತಿದ್ದನು. ನಾಲ್ಕು ತಿಂಗಳಲ್ಲಿ ಅವನ ವೇಗವು ನನ್ನದನ್ನು ಸಮೀಪಿಸಿದ್ದಿತು. ಇದು ನನಗೆ ಸಂತೋಷವನ್ನು ಕೊಟ್ಟಿತೆಂದು ಹೇಳಿದರೆ ಅದು ಪೂರ್ಣ ಸತ್ಯವಾಗಲಾರದು.

ಆ ವರ್ಷದ ಅಕ್ಟೋಬರಿನಲ್ಲಿ ಆಯುಧಪೂಜೆ ಬಂದಿತು. ನಮ್ಮ ಕಡೆ ಅಂದು ಕತ್ತಿಯಿಂದ ಹಿಡಿದು ಬಸ್ಸಿನವರೆಗೆ ಸಕಲ ಸಾಧನಗಳಿಗೂ ಸ್ನಾನವಾಗಬೇಕು. ಯಜಮಾನರು ಜೆರಾಕ್ಸ್ ಯಂತ್ರವನ್ನು ಒರೆಸಿದರು, ಹುಡುಗನು ಮೇಜು ಕುರ್ಚಿಗಳನ್ನು ತೊಳೆದನು, ಕಂಪ್ಯೂಟರನ್ನು ಶುಚಿಗೊಳಿಸುವ ಭಾರವನ್ನು ನಾನೇ ವಹಿಸಿಕೊಂಡೆನು. ಅದರ ಪೆಟ್ಟಿಗೆಯನ್ನು ಬಿಚ್ಚಿದ್ದು ಅದೇ ಮೊದಲು. ಪ್ರೊಸೆಸರಿನ ಮೇಲೆ ಕುಳಿತಿದ್ದ ಅಲ್ಯೂಮಿನಿಯಮಿನ ರೆಕ್ಕೆಗಳ ದುಂಡನೆಯ ಅಚ್ಚೂ, ಅದರ ತಲೆಯ ಮೇಲಣ ಫ್ಯಾನೂ ಧೂಳಿನಿಂದ ಮಾಸಿದ್ದುದರಿಂದ, ಕಿತ್ತು ಒರೆಸಿದರೆ ಚೆನ್ನೆಂದು ತೋರಿ, ನಾಲ್ಕು ಮೂಲೆಗಳಲ್ಲಿದ್ದ ಪ್ಲಾಸ್ಟಿಕ್ ಕೀಲುಗಳನ್ನು ತಿರುಗಿಸಿ ಎತ್ತಿದೆನು. ಅಡಿಯಲ್ಲಿ ಬೂದುಬಣ್ಣದ ಅಂಟೊಂದು ಇದ್ದಿತು. ಕೊಳೆಯೆಂದು ಬಗೆದು ಅದನ್ನು ಹಳೆಯ ಪಂಚೆಯ ತುಂಡಿನಿಂದ ತಿಕ್ಕಿ ತಿಕ್ಕಿ ಹೊಳೆಯುವಂತೆ ಮಾಡಿದೆನು. ಅನಂತರ ಎಲ್ಲವನ್ನೂ ಮೊದಲಿನಂತೆ ಕೂರಿಸಿ ಕೀಲುಗಳನ್ನು ಒತ್ತಿದೆನು. ಮೂರು ಕೀಲುಗಳು ‘ಟಕ್’ ಎಂದು ಕೂತವು. ನಾಲ್ಕನೆಯದು ಸದ್ದು ಮಾಡಲಿಲ್ಲ. ಹೊರಗೆ ಯಜಮಾನರು ತೆಂಗಿನಕಾಯಿ ಹಿಡಿದು ಕರೆಯುತ್ತಿದ್ದರು; ಕೂತಿರಬಹುದೆಂದುಕೊಂಡು ತಗಡನ್ನು ಮುಚ್ಚಿ, ಮೇಲೆ ಕುಂಕುಮವಿಟ್ಟು ಸೇವಂತಿಗೆಯನ್ನೇರಿಸಿದೆನು.

ಪ್ರೊಸೆಸರೆಂಬುದು ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನಿನ ಚೂರು. ಅಂದಿನ ಕೆಲವು ಪ್ರೊಸೆಸರುಗಳು ದುಡಿಯುವಾಗ 80 ವ್ಯಾಟಿಗೂ ಮಿಕ್ಕ ಶಾಖವನ್ನು ಉಗುಳುತ್ತಿದ್ದುವು. 60 ವ್ಯಾಟಿನ ಬಲ್ಬನ್ನು ಬೆರಳಿನಿಂದ ಮುಟ್ಟಿ ನೋಡಿದವರಿಗೆ ಆ ಮಾತಿನ ತೂಕ ತಿಳಿಯುತ್ತದೆ. ಈ ಕಾವು ಜಗತ್ತಿನ ದೊಡ್ಡ ತಯಾರಕರನ್ನೇ ಕಂಗೆಡಿಸಿದ್ದ ಕಾಲವದು. ವರ್ಷವರ್ಷಕ್ಕೆ ವೇಗವನ್ನು ಏರಿಸುತ್ತ ಬಂದಿದ್ದ ಇಂಟೆಲ್ ಸಂಸ್ಥೆಯು 4 ಗಿಗಾಹರ್ಟ್ಸ್ ವೇಗದ ಪ್ರೊಸೆಸರಿನ ಯೋಜನೆಯನ್ನು 2004ರಲ್ಲಿ ಕೈಬಿಟ್ಟು, ಒಂದೇ ತಿರುಳನ್ನು ಇನ್ನಷ್ಟು ಓಡಿಸುವುದಕ್ಕೆ ಬದಲಾಗಿ ಒಂದೇ ಚೂರಿನಲ್ಲಿ ಎರಡು ತಿರುಳುಗಳನ್ನು ಇರಿಸುವ ದಾರಿಗೆ ಹೊರಳಿದ್ದಿತು. ಇದೊಂದೂ ನನಗೆ ಅಂದು ತಿಳಿದಿರಲಿಲ್ಲ. ನಾನು ಕೊಳೆಯೆಂದು ತಿಕ್ಕಿ ತೆಗೆದ ಬೂದು ಅಂಟು, ಲೋಹ ಲೋಹಗಳ ನಡುವೆ ಕಣ್ಣಿಗೆ ಕಾಣದೆ ಉಳಿಯುವ ಗಾಳಿಯ ಸಂದುಗಳನ್ನು ತುಂಬಿ ಶಾಖವನ್ನು ದಾಟಿಸುವ ಸೇತುವೆಯಾಗಿದ್ದಿತೆಂಬುದೂ ತಿಳಿದಿರಲಿಲ್ಲ. ಗಾಳಿಗಿಂತ ಅಲ್ಯೂಮಿನಿಯಮು ಸಾವಿರಾರು ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ಆದುದರಿಂದ ಕೂದಲೆಳೆಯಷ್ಟು ಗಾಳಿ ನಡುವೆ ನಿಂತರೂ ಅಷ್ಟೊಂದು ಲೋಹವು ವ್ಯರ್ಥ. ಹೊಳಪು ಬರಿಸಿದೆನೆಂಬ ತೃಪ್ತಿಯಿಂದ ನಾನು ಮಾಡಿದ್ದು ಸೇತುವೆಯನ್ನು ಕೆಡವಿ, ಒಂದು ಕಂಬವನ್ನೂ ಸಡಿಲಿಸಿದ ಕೆಲಸ.

ಆದರೆ ಫಲವು ಕೂಡಲೆ ಕಾಣಲಿಲ್ಲ. ಕಾರ್ತಿಕ, ಮಾರ್ಗಶಿರ, ಪುಷ್ಯಗಳು ತಣ್ಣಗೆ ಕಳೆದುವು. ಶಿವರಾತ್ರಿ ದಾಟಿ ಮಾಡಿನ ಹೆಂಚುಗಳು ಕಾಯತೊಡಗಿ, ಹೆದ್ದಾರಿಯ ಕೆಂಪು ಧೂಳು ಗಿರಾಕಿಗಳ ಕಾಲಿನೊಡನೆಯೂ ಲಾರಿಗಳ ಗಾಳಿಯೊಡನೆಯೂ ಒಳಗೆ ನುಗ್ಗತೊಡಗಿದ ಮೇಲೆ, 2006ರ ಮಾರ್ಚಿನ ಒಂದು ಅಪರಾಹ್ನ, ಮದುವೆಯ ಕರೆಯೋಲೆಯೊಂದರ ಮಧ್ಯದಲ್ಲಿ ತೆರೆಯು ಫಕ್ಕನೆ ಕಪ್ಪಾಯಿತು. ಅಂದಿನಿಂದ ಮೂರು ವಾರ ನಮಗೆ ಶನಿಕಾಟ. ಮೊದಮೊದಲು ದಿನಕ್ಕೊಮ್ಮೆ ಆರುತ್ತಿದ್ದುದು ಬರಬರುತ್ತ ಗಂಟೆಗೊಮ್ಮೆ, ಆಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ ಆರತೊಡಗಿತು.

ಬೇಸಗೆಯಲ್ಲಿ ಕರೆಂಟು ಕೈಕೊಡುವುದು ವಾಡಿಕೆಯಾದುದರಿಂದ ಮೊದಲ ಸಂಶಯ ಅದರ ಮೇಲೆಯೇ ಹೋಯಿತು. ಯಜಮಾನರು ಸ್ಟೆಬಿಲೈಸರು ತಂದರು. ಯುಪಿಎಸ್ಸಿನ ಬ್ಯಾಟರಿ ಬದಲಿಸಿದರು. ಯಂತ್ರವು ಆರಿದಾಗಲೆಲ್ಲ ತಲೆಯ ಮೇಲಣ ಫ್ಯಾನು ಸುಗಮವಾಗಿ ತಿರುಗುತ್ತಲೇ ಇದ್ದಿತೆಂಬ ಸರಳ ಸಾಕ್ಷ್ಯವನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯ ಸಂಶಯ ವೈರಸ್ಸಿನ ಮೇಲೆ. ಇಡಿಯ ವ್ಯವಸ್ಥೆಯನ್ನು ಅಳಿಸಿ, ಎರಡು ದಿನ ಕುಳಿತು, ಕನ್ನಡದ ಅಕ್ಷರಗಳನ್ನೆಲ್ಲ ಹೊಸತಾಗಿ ತುಂಬಿಸಿದೆವು. ಪಟ್ಟಣದಿಂದ ಬಂದ ಒಬ್ಬರು ಮೆಮೊರಿಯ ಪಟ್ಟಿಯನ್ನು ಕಿತ್ತು ಶಾಲೆಯ ಮಕ್ಕಳ ರಬ್ಬರಿನಿಂದ ತಿಕ್ಕಿಕೊಟ್ಟರು. ಮತ್ತೊಬ್ಬರು ವಿದ್ಯುತ್ತು ಹಂಚುವ ಪೆಟ್ಟಿಗೆಯನ್ನೇ ಬದಲಾಯಿಸಿದರು. ಹೋಟೆಲಿನವರು ದೃಷ್ಟಿ ತಾಗಿದೆಯೆಂದರು. ಹೊಸ್ತಿಲಿಗೆ ನಿಂಬೆಹಣ್ಣು ಬಂದಿತು. ಖರ್ಚಾದ ಹಣವು ಯಜಮಾನರ ಮುಖದಲ್ಲಿ ದಿನೇದಿನೇ ಬರೆದಂತೆ ಕಾಣಿಸುತ್ತಿದ್ದಿತು.

ಉಳಿದುದು ಮನುಷ್ಯರ ಮೇಲಣ ಸಂಶಯ. ಊರಿನ ಶಾಲೆಯೊಂದರ ಸ್ಮರಣ ಸಂಚಿಕೆಯ ಕೆಲಸ ಆಗ ನಮ್ಮ ಕೈಯಲ್ಲಿದ್ದಿತು. ನಿವೃತ್ತರಾದ ಅಧ್ಯಾಪಕರೊಬ್ಬರು ನಡುಗುವ ಅಕ್ಷರದಲ್ಲಿ ಬರೆದು ಕೊಟ್ಟ ಹನ್ನೊಂದು ಪುಟಗಳನ್ನು, ನನಗೆ ಅವಸರವಿದ್ದುದರಿಂದ, ಹುಡುಗನೇ ಒಂದು ಮಧ್ಯಾಹ್ನ ಕುಳಿತು ಬೆರಳಚ್ಚಿಸಿದ್ದನು. ಮುಗಿಯಲು ನಾಲ್ಕು ಸಾಲಿರುವಾಗ ಯಂತ್ರವು ಆರಿತು. ಅವನು ನಡುನಡುವೆ ಉಳಿಸಿಟ್ಟಿರಲಿಲ್ಲ. ಒಳಗೆ ಬಂದ ಯಜಮಾನರಿಗೆ ಮೇಜಿನಡಿಯ ಪ್ಲಗ್ಗಿನ ಹತ್ತಿರ ಚಾಚಿದ್ದ ಅವನ ಕಾಲು ಕಂಡಿತು. ಇದುವರೆಗೆ ಆದುದಕ್ಕೆಲ್ಲ ಅದೇ ಕಾರಣವೆಂದು ಅವರು ನಿಶ್ಚಯಿಸಿದರು. ಕಾಲು ತಾಗಿಸಿ ತಾಗಿಸಿ ಯಂತ್ರವನ್ನು ಕೆಡಿಸಿದವನೆಂದೂ, ನಾವಿಲ್ಲದಾಗ ಆಟವಾಡಿ ಏನನ್ನೋ ತುಂಬಿಸಿದವನೆಂದೂ, ಮೂರು ವಾರದಿಂದ ಮಡುಗಟ್ಟಿದ್ದ ಸಂಕಟವನ್ನೆಲ್ಲ ಅವನ ತಲೆಯ ಮೇಲೆ ಸುರಿದರು. ಅವನು ನನ್ನ ಕಡೆಗೆ ನೋಡಿದನು. ಅವನು ಇಲ್ಲದ ದಿನಗಳಲ್ಲಿಯೂ ಯಂತ್ರವು ಆರಿದ್ದುದು ನನಗೆ ಗೊತ್ತಿದ್ದಿತು. ಒಂದು ಭಾನುವಾರ ನಾನೊಬ್ಬನೇ ಇರುವಾಗ ಐದು ಸಲ ಆರಿದ್ದಿತು. ಅದನ್ನು ಹೇಳುವುದಕ್ಕೆ ಬೇಕಾಗಿದ್ದುದು ಒಂದೇ ವಾಕ್ಯ. ಯಜಮಾನರ ಕೋಪವು ನನ್ನ ಕಡೆಗೆ ತಿರುಗೀತೆಂಬ ಅಂಜಿಕೆಯಿಂದಲೋ, ಅವನ ಬೆರಳುಗಳ ವೇಗವು ನನ್ನಲ್ಲಿ ಹುಟ್ಟಿಸಿದ್ದ ಕರುಬಿನಿಂದಲೋ, ನಾನು ಕೈಯಲ್ಲಿದ್ದ ಕರಡುಪತ್ರದ ಮೇಲೆ ಕಣ್ಣು ನೆಟ್ಟು ಸುಮ್ಮನಿದ್ದೆನು. ಹುಡುಗನು ಸೈಕಲ್ಲಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದನು. ಮತ್ತೆ ಬರಲಿಲ್ಲ.

ಅದಾದ ನಾಲ್ಕೋ ಐದೋ ದಿನಕ್ಕೆ ಆ ವೃದ್ಧರು ಬಂದರು. ತೋಟಗಳ ನೀರಾವರಿ ಪಂಪುಗಳನ್ನು ರಿಪೇರಿ ಮಾಡುವುದು ಅವರ ವೃತ್ತಿ. ಆಟದ ದಿನಗಳಲ್ಲಿ ಮೈಕ್‌ಸೆಟ್ಟಿನವರ ಆಂಪ್ಲಿಫೈಯರುಗಳನ್ನೂ ನೋಡುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಬೆರಳಿನ ಗೆರೆಗಳಲ್ಲಿ ಎಂದೂ ಹೋಗದ ಗ್ರೀಸಿನ ಕಪ್ಪು. ಪಿಂಚಣಿಯ ಅರ್ಜಿಯೊಂದನ್ನು ಬೆರಳಚ್ಚಿಸಲು ಬಂದು ಬೆಂಚಿನ ಮೇಲೆ ಕುಳಿತವರು, ಅದೇ ಅರ್ಜಿಗಾಗಿ ನಾನು ಎರಡು ಸಲ ಯಂತ್ರವನ್ನು ಹಚ್ಚಿ ಎರಡು ಸಲವೂ ಅದು ಆರಿದ್ದನ್ನು ಮೌನವಾಗಿ ನೋಡಿದರು. ಮೂರನೆಯ ಸಲಕ್ಕೆ ಕೈಯೆತ್ತಿದಾಗ, ‘ತಡಿ ಮಾರಾಯಾ’ ಎಂದು ಎದ್ದು ಬಂದು, ಪೆಟ್ಟಿಗೆಯ ತಗಡಿನ ಮೇಲೆ ಅಂಗೈಯನ್ನಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದವರಂತೆ ಸ್ವಲ್ಪ ಹೊತ್ತು ನಿಂತರು. ಅನಂತರ ಆ ಮೂರು ಪ್ರಶ್ನೆಗಳನ್ನು ಕೇಳಿದರು. ನನ್ನ ಉತ್ತರವನ್ನು ಕೇಳಿ ಅವರು ಹೇಳಿದುದು ಅಕ್ಷರಶಃ ನೆನಪಿದೆ: ‘ಇದ್ಕ್ ಕರೆಂಟಿನ್ ಸೀಕಲ್ಲ, ಜ್ವರದ್ ಸೀಕ್.’

ಪಂಪಿನ ಮೋಟರನ್ನು ಉದಾಹರಿಸಿ ಅವರು ವಿವರಿಸಿದರು. ಬೇರಿಂಗು ಹಿಡಿದುಕೊಂಡರೆ ಮೋಟರು ಕಾಯುತ್ತದೆ. ಕಾದರೆ ಸ್ಟಾರ್ಟರಿನ ರಿಲೇ ಹಾರಿ ಮೋಟರನ್ನು ನಿಲ್ಲಿಸುತ್ತದೆ. ಹಾರಿದ ರಿಲೇ ತಣಿಯುವುದರೊಳಗೆ ಪುನಃ ಒತ್ತಿದರೆ ಬೇಗ ಹಾರುತ್ತದೆ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಹೆಚ್ಚು ಹೊತ್ತು ಓಡುತ್ತದೆ. ಕೆಲವರು ಇದರ ಕಾಟ ತಾಳಲಾರದೆ ರಿಲೇಗೆ ತಂತಿ ಕಟ್ಟಿ ಅದು ಹಾರದಂತೆ ಮಾಡುತ್ತಾರೆ. ‘ಆಮೇಲ್ ಮೋಟ್ರ್ ಸುಟ್ಟ್ ಕರ್ಕಾದ್ ಮೇಲ್ ನನ್ನ ಕರೀತ್ರ್’ ಎಂದರು. ನಮ್ಮ ಯಂತ್ರದೊಳಗೂ ಅಂಥದೇ ಒಂದು ಕಾವಲು ಇರಬೇಕೆಂಬುದು ಅವರ ಊಹೆ. ಊಹೆ ನಿಜವಾಗಿದ್ದಿತು. ಸಿಲಿಕಾನಿನ ಒಳಗೇ ಉಷ್ಣವನ್ನಳೆಯುವ ಒಂದು ಅಂಗವಿದ್ದು, ಮಿತಿ ಮೀರಿದಾಗ ಅದು ಮೊದಲು ವೇಗವನ್ನು ತಗ್ಗಿಸುತ್ತದೆ. ಅದರಿಂದಲೂ ಆಗದಿದ್ದರೆ ಯಾರ ಅಪ್ಪಣೆಗೂ ಕಾಯದೆ ವಿದ್ಯುತ್ತನ್ನು ಕಡಿದುಬಿಡುತ್ತದೆ. ಅದಕ್ಕೂ ಕೆಲವೇ ವರ್ಷಗಳ ಹಿಂದೆ, ಈ ಕಾವಲು ಇಲ್ಲದ ಕೆಲವು ಪ್ರೊಸೆಸರುಗಳು ಮೇಲಣ ಲೋಹದ ಅಚ್ಚು ಜಾರಿದರೆ ಕೆಲವೇ ಕ್ಷಣಗಳಲ್ಲಿ ಹೊಗೆಯೆದ್ದು ಸುಟ್ಟುಹೋಗುತ್ತಿದ್ದುವು. ಮೂರು ವಾರ ನಾವು ರೋಗವೆಂದು ಶಪಿಸಿದುದೇ ಆ ಯಂತ್ರವನ್ನು ಬದುಕಿಸಿ ಇಟ್ಟಿದ್ದಿತು.

ಪೆಟ್ಟಿಗೆಯನ್ನು ಬಿಚ್ಚಿದೆವು. ಐದು ತಿಂಗಳ ಕೆಂಪು ಧೂಳು, ಕಾಗದದ ಕಟ್ಟುಗಳಿಂದ ಉದುರಿದ ನಾರು, ಜೆರಾಕ್ಸಿನ ಕರಿಪುಡಿ, ಇವೆಲ್ಲ ಕಡಲಗಾಳಿಯ ತೇವದಲ್ಲಿ ನೆನೆದು, ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿದ್ದಿತು. ಫ್ಯಾನು ತಿರುಗುತ್ತಿದ್ದರೂ ಅದರ ಗಾಳಿಯು ಲೋಹವನ್ನು ತಲಪುತ್ತಿರಲಿಲ್ಲ. ವೃದ್ಧರು ಗೋಡೆಗೆ ಬಣ್ಣ ಹೊಡೆಯುವ ಕುಂಚವನ್ನು ತರಿಸಿ, ಫ್ಯಾನಿನ ಎಸಳುಗಳು ತಿರುಗದಂತೆ ಒಂದು ಕಡ್ಡಿಯನ್ನು ಸಿಕ್ಕಿಸಿ, ನೆರೆಯ ಸೈಕಲ್ ಅಂಗಡಿಯ ಪಂಪಿನಿಂದ ಗಾಳಿಯೂದುತ್ತ, ರೆಕ್ಕೆರೆಕ್ಕೆಯ ಸಂದಿಯನ್ನೂ ಶುಚಿ ಮಾಡಿದರು. ಲೋಹದ ಅಚ್ಚನ್ನು ಎತ್ತಲು ಹೇಳಿದರು. ನಾನು ಕೀಲುಗಳತ್ತ ಕೈ ಚಾಚಿದಾಗ, ಹಿಂಬದಿಯ ಎಡಮೂಲೆಯ ಕೀಲು ತನ್ನ ರಂಧ್ರದಿಂದ ಅರ್ಧ ಮೇಲೆದ್ದು ನಿಂತಿರುವುದು ಕಾಣಿಸಿತು. ಸೇವಂತಿಗೆಯೂ, ಕುಂಕುಮವೂ, ಕೇಳದೆ ಹೋದ ಆ ಒಂದು ಸದ್ದೂ ಏಕಕಾಲದಲ್ಲಿ ನನ್ನ ಎದೆಗೆ ಬಂದು ತಾಗಿದುವು. ಅಚ್ಚಿನ ಅಡಿಯಲ್ಲಿ ಅಂಟಿನ ಕುರುಹೂ ಇರಲಿಲ್ಲ. ವೃದ್ಧರು ತಮ್ಮ ಚೀಲದಿಂದ ಒಂದು ಪುಟ್ಟ ಡಬ್ಬಿಯನ್ನು ತೆಗೆದರು. ಆಂಪ್ಲಿಫೈಯರುಗಳ ದೊಡ್ಡ ಟ್ರಾನ್ಸಿಸ್ಟರುಗಳ ಅಡಿಗೆ ಸವರುವ, ಸುಣ್ಣದಂತೆ ಬಿಳುಪಾದ ಪೇಸ್ಟು ಅದರಲ್ಲಿದ್ದಿತು. ತೊಗರಿಯ ಕಾಳಿನಷ್ಟನ್ನು ನಡುವಿಗೆ ಹಾಕಿ, ಹೆಚ್ಚು ಹಾಕಿದರೂ ಕೆಡುಕೆಂದು ಎಚ್ಚರಿಸಿದರು.

ಕೀಲುಗಳನ್ನು ಒತ್ತುವ ಕೆಲಸವನ್ನು ನನಗೇ ಬಿಟ್ಟರು. ಓರೆಯಾಗದಂತೆ ಎದುರೆದುರು ಮೂಲೆಗಳನ್ನು ಒತ್ತಬೇಕೆಂದರು. ಒಂದು, ಎರಡು, ಮೂರು. ನಾಲ್ಕನೆಯದನ್ನು ಒತ್ತುವಾಗ ಯಜಮಾನರು ನಮ್ಮ ಹಿಂದೆಯೇ ನಿಂತಿದ್ದರು. ಕೀಲು ಟಕ್ಕೆಂದಿತು. ವೃದ್ಧರು ಆ ಕೀಲಿನಿಂದ ಕಣ್ಣೆತ್ತಿ ನನ್ನ ಮುಖವನ್ನು ನೋಡಿ, ಬಹು ಮೆಲ್ಲನೆ, ‘ನಾಲ್ಕ್ ಕಾಲ್ ಇಪ್ಪುದ್ಕೆ ನಾಲ್ಕೂ ಊರ್ಕ್’ ಎಂದರು. ಅವರಿಗೆ ಗೊತ್ತಾಗಿದ್ದಿತು. ಯಜಮಾನರು ಏನಾಗಿದ್ದಿತೆಂದು ಕೇಳಿದಾಗ ಅವರು ಉತ್ತರಿಸಲಿಲ್ಲ. ಉತ್ತರವನ್ನು ನನಗೆ ಉಳಿಸಿದರು. ‘ಧೂಳು’ ಎಂದೆನು. ಅದು ಸುಳ್ಳಾಗಿರಲಿಲ್ಲ. ಅಂದು ಸಂಜೆ ಯಂತ್ರದ ಆರಂಭದ ಪರದೆಯಲ್ಲಿ ಉಷ್ಣಾಂಶದ ಸಂಖ್ಯೆಯನ್ನು ನೋಡುವ ಬಗೆಯನ್ನು ಹುಡುಕಿ ತೆಗೆದೆನು. ಅರ್ಧ ಗಂಟೆ ಕಾದರೂ ಅದು 54ನ್ನು ದಾಟಲಿಲ್ಲ. ಸಂಚಿಕೆಯ ಹನ್ನೊಂದು ಪುಟಗಳನ್ನು ನಾನೇ ರಾತ್ರಿ ಕುಳಿತು ಪುನಃ ಜೋಡಿಸಿದೆನು. ಮುದ್ರಣವಾಗಿ ಬಂದಾಗ ಅಕ್ಷರ ಸಂಯೋಜನೆಯೆಂದು ನನ್ನ ಹೆಸರಿದ್ದಿತು.

ಆ ಹುಡುಗನನ್ನು ಅದಾದ ಮೇಲೆ ಒಮ್ಮೆ ಮಾತ್ರ ಕಂಡೆನು. ಎಂಟೊಂಬತ್ತು ವರ್ಷ ಕಳೆದಿರಬೇಕು. ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ರೈಲಿಗಾಗಿ ನಿಂತಿದ್ದ ನನ್ನ ಹೆಗಲನ್ನು ಹಿಂದಿನಿಂದ ಯಾರೋ ತಟ್ಟಿದರು. ಬಿಸಿಲಿಗೆ ಕಂದಿ ಗಟ್ಟಿಯಾದ ಮುಖ, ಅಗಲವಾದ ನಗು. ಸುಖದುಃಖ ವಿಚಾರಿಸಿದ ಮೇಲೆ ಅವನು, ಯಾವ ಕಹಿಯೂ ಇಲ್ಲದೆ, ‘ಆ ಕಂಪ್ಯೂಟ್ರ್ ಕಡಿಗ್ ಸಮ ಆಯ್ತಾ? ಎಂತ ಆದ್ದ್ ಅದ್ಕೆ?’ ಎಂದು ಕೇಳಿದನು. ಆತನ ಮನಸ್ಸಿನಲ್ಲಿ ಆ ಪ್ರಶ್ನೆ ಅಷ್ಟು ವರ್ಷ ಉಳಿದಿದ್ದಿತೆಂಬುದನ್ನು ತಿಳಿದೂ, ಯಜಮಾನರಿಗೆ ಕೊಟ್ಟ ಉತ್ತರವನ್ನೇ ಅವನಿಗೂ ಕೊಟ್ಟೆನು. ‘ಧೂಳ್ ಕೂತಿತ್ತ್.’ ಅವನು ತಲೆಯಾಡಿಸಿ, ‘ನನ್ ಕಾಲ್ ತಾಗಿಯೇ ಆಯ್ತೇನೋ ಅಂದ್ಕಂಡಿದ್ದೆ’ ಎಂದನು. ರೈಲು ಬಂದಿತು. ಹತ್ತಿದೆನು.

ಅಂಗಡಿಯಿದ್ದ ಕಟ್ಟಡವು ಈಗಿಲ್ಲ. ಹೆದ್ದಾರಿಯು ನಾಲ್ಕು ಪಥವಾಗುವಾಗ ಮುರಕಲ್ಲಿನ ಆ ಮೂರು ಕೋಣೆಗಳೂ, ಎದುರಿನ ದೊಡ್ಡ ಮಾವಿನಮರವೂ ಹೋದುವು. ಬಯಲಾಟದ ಕರಪತ್ರವು ಈಗ ಎಲ್ಲರ ಅಂಗೈಯ ಫೋನಿಗೇ ಬರುತ್ತದೆ, ಬಣ್ಣಬಣ್ಣವಾಗಿ. ಕಾಗದದ ಕಟ್ಟನ್ನು ಸೈಕಲ್ಲಿನಲ್ಲಿ ಒಯ್ಯುವವರಿಲ್ಲ. ಯಜಮಾನರೂ, ಪಂಪಿನ ವೃದ್ಧರೂ ಕಾಲವಾದರು. ಹಿಂದಿನದೆಲ್ಲ ಚೆನ್ನಾಗಿದ್ದಿತೆಂಬ ಹಳಹಳಿಕೆ ನನಗಿಲ್ಲ. ಒಂದು ಅರ್ಜಿಗಾಗಿ ವೃದ್ಧರನ್ನು ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರಿಸುತ್ತಿದ್ದ ಕಾಲವನ್ನು ಬಂಗಾರದ್ದೆನ್ನಲಾರೆನು. ಆದರೆ ಕೈಯಿಂದ ಮುಟ್ಟಿ, ಕಿವಿಯಿಂದ ಕೇಳಿ, ಇಂಥಿಂಥ ಹೊತ್ತಿನಲ್ಲಿ ಏನಾಗುತ್ತದೆಂದು ಸಾವಧಾನವಾಗಿ ವಿಚಾರಿಸಿ ರೋಗವನ್ನರಿಯುವ ಆ ವಿದ್ಯೆಯ ಮುಂದೆ, ನೋಡದೆಯೇ ಮದರ್‌ಬೋರ್ಡು ಹೋಗಿದೆಯೆನ್ನುವ ಇಂದಿನ ವಿದ್ಯೆಯು ಬಹಳ ಬಡವೆಂದು ನನಗೆ ತೋರುತ್ತದೆ.

ಅಣ್ಣನ ಮಗನ ಯಂತ್ರದಲ್ಲಿ ಉಷ್ಣವನ್ನು ತೋರಿಸುವ ತಂತ್ರಾಂಶವಿದ್ದಿತು. ಅವನು ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಇಂದಿನ ಪ್ರೊಸೆಸರುಗಳಲ್ಲಿ ಬಹುತೇಕವು 100 ಡಿಗ್ರಿಯ ಹತ್ತಿರಕ್ಕೆ ಬಂದರೆ ತಾವೇ ವೇಗ ತಗ್ಗಿಸಿಕೊಂಡು ಸೈರಿಸಿಕೊಳ್ಳುತ್ತವೆ. ಅಷ್ಟರಲ್ಲಿಯೂ ಇದು ಆರುತ್ತಿದ್ದಿತೆಂದರೆ ಒಳಗಿನ ಅವಸ್ಥೆಯನ್ನು ಊಹಿಸಬಹುದು. ರೆಕ್ಕೆಗಳ ನಡುವೆ ಅದೇ ಕೆಂಪು ಕಂಬಳಿ, ನಡುವೆ ಸತ್ತು ಒಣಗಿದ ಒಂದು ಹಲ್ಲಿಮರಿ. ಪೇಸ್ಟು ಒಣಗಿ ಹಕ್ಕಳೆಯಾಗಿದ್ದಿತು. ಕುಂದಾಪುರಕ್ಕೆ ಅವನೇ ಬೈಕಿನಲ್ಲಿ ಹೋಗಿ ಹೊಸ ಪೇಸ್ಟಿನ ಕೊಳವೆಯನ್ನು ತಂದನು. ಹಳೆಯದನ್ನು ಸ್ಪಿರಿಟ್ಟಿನಿಂದ ಒರೆಸಿ, ತೊಗರಿಯ ಕಾಳಿನಷ್ಟು ಹಾಕಿ, ಅಚ್ಚನ್ನು ಇಳಿಸಿದೆವು. ಇಷ್ಟು ವರ್ಷ ಕಳೆದರೂ ಆ ನಾಲ್ಕು ಪ್ಲಾಸ್ಟಿಕ್ ಕೀಲುಗಳ ಕ್ರಮವು ಬದಲಾಗಿರಲಿಲ್ಲ. ಎದುರೆದುರು ಮೂಲೆಗಳನ್ನು ಒತ್ತಲು ಅವನಿಗೇ ಹೇಳಿ, ನಾನು ಕಿವಿಗೊಟ್ಟು ನಾಲ್ಕು ಸದ್ದುಗಳನ್ನು ಎಣಿಸಿದೆನು. ಸಂಜೆಯವರೆಗೆ ಎಷ್ಟು ದುಡಿಸಿದರೂ ಉಷ್ಣಾಂಶವು 70ರ ಆಸುಪಾಸಿನಲ್ಲಿಯೇ ನಿಂತಿತು.

ರಾತ್ರಿ ಊಟಕ್ಕೆ ಕುಳಿತಾಗ ಇದನ್ನು ಯಾರು ಕಲಿಸಿದರೆಂದು ಅವನು ಪುನಃ ಕೇಳಿದನು. ಹೇಳಿದೆನು, ಕೀಲನ್ನೂ ಬಿಡದೆ ಹೇಳಿದೆನು. ಅದುವರೆಗೆ ಅದನ್ನು ಯಾರೊಬ್ಬರಿಗೂ ಹೇಳಿರಲಿಲ್ಲ. ಅವನು ಕೈತುತ್ತನ್ನು ನಿಲ್ಲಿಸಿ, ‘ಅವರಿಗೆ ಗೊತ್ತುಂಟಾ?’ ಎಂದು ಕೇಳಿದನು. ಇಲ್ಲವೆಂದೆನು.

ಮರುದಿನ ಬೆಳಗ್ಗೆ, ಬಿಸಿಲೇರುವ ಮೊದಲು, ಕೊಡೇರಿಯ ಕಡೆಗೆ ನಡೆದೆನು. ಅಂಗಡಿಯ ಆ ಹುಡುಗನ ಮನೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಅವನ ತಾಯಿ ನನ್ನ ಗುರುತು ಹಿಡಿಯದಿದ್ದರೂ ಮಣೆ ಹಾಕಿ ಕೂರಿಸಿ, ಬೆಲ್ಲ ನೀರು ಕೊಟ್ಟರು. ಮಗನು ಮಲ್ಪೆಯ ಬೋಟಿನಲ್ಲಿದ್ದಾನೆಂದೂ, ಹತ್ತು ವರ್ಷದಿಂದ ಇಂಜಿನು ನೋಡಿಕೊಳ್ಳುವುದು ಅವನೇ ಎಂದೂ, ‘ಅದ್ರ ಒಳ್ಗಿನ್ ಸಪ್ಳ ಕೇಂಡೇ ಎಂತ ಆಯ್ತ್ ಅಂದ್ ಹೇಳ್ತ’ ಎಂದೂ ಅಭಿಮಾನದಿಂದ ಹೇಳಿದರು. ಯಾವಾಗ ಬರುತ್ತಾನೆಂದು ಕೇಳಿದೆನು. ‘ಮಳಿ ಹಿಡ್ದ್ ಮೇಲ್ ಬತ್ತ.’ ಜೂನ್ 1ರಿಂದ ಜುಲೈ 31ರ ತನಕ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಅವನು ಮನೆಯಲ್ಲಿರುತ್ತಾನೆ. ಏನಾದರೂ ಹೇಳಬೇಕೇ ಎಂದು ಆಕೆ ಕೇಳಿದಾಗ, ನಾನೇ ಬಂದು ಹೇಳುತ್ತೇನೆಂದೆನು. ಬೆಂಗಳೂರಿಗೆ ಮರಳುವ ಮೊದಲು, ಜೂನ್ ಮೊದಲ ವಾರಕ್ಕೆ ಊರಿಗೆ ಬರುವ ರೈಲಿನ ಟಿಕೀಟನ್ನು ಅಣ್ಣನ ಮಗನ ಕಂಪ್ಯೂಟರಿನಲ್ಲಿಯೇ ಕಾದಿರಿಸಿದೆನು.